ಲಗೇಜ್ ಟಿಕೆಟ್

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ ಕೂತು ಹಾಕಿ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಹುಣಸೂರು ರಸ್ತೆ ಹಿಡಿದು ನೇರ ಕೊಡಗಿಗೆ ಹೋಗಿಬಿಡುತ್ತಾರೆ. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ತಂಡದ ಎಂ. ಎಂ. ಸೋಮಯ್ಯ, ಹೀಗೆ ಹೆಸರುಗಳಿಗೇನೂ ಬರ ಇಲ್ಲ. ನಾನು ಇವತ್ತು ಹೇಳಹೊರಟಿರುವುದೂ ಮಂಜಿನ ಊರಿನ ಆಟಗಾರನ ಕಥೆಯೇ. ಆದರೆ ಮಡಿಕೇರಿಯ ಮಂಜಲ್ಲ, ಕೆನಡಾದ ಮಂಜುಗಡ್ಡೆ.

ನನ್ನ ಮಗಳು ಅಲ್ಲಿದ್ದಾಳೆ. ಒಂದು ಚಳಿಗಾಲ ನಾನೂ ಹೋಗಿದ್ದೆ. ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ಬೇಜಾರಾಗಿ ಕೂತಿದ್ದವನಿಗೆ ಅಳಿಯ ಟಿವಿಯಲ್ಲಿ ಒಂದು ಹಳೇ ಮ್ಯಾಚ್ ಹಾಕಿಕೊಟ್ಟು, "ಮಾವ, ನೀವೂ ಗೋಲ್‌ಕೀಪರ್ ಆಗಿದ್ದವರಲ್ವಾ, ಇದನ್ನ ನೋಡಿ" ಅಂದ.

ಐಸ್ ಹಾಕಿಯಲ್ಲಿ ಚೆಂಡಿಲ್ಲ. ಕಪ್ಪು ರಬ್ಬರ್ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಒಂದು ಕಡೆಗೆ ಆರೇ ಜನ, ಎಲ್ಲರ ಕಾಲಲ್ಲೂ ಸ್ಕೇಟು. ಆಟ ಎಷ್ಟು ಜೋರು ಅಂದರೆ ಬಿಲ್ಲೆ ಎಲ್ಲಿದೆ ಅಂತ ಹುಡುಕುವುದರಲ್ಲೇ ನನಗೆ ಅರ್ಧ ಗಂಟೆ ಕಳೆಯಿತು. ಗೋಲ್‌ಕೀಪರ್ ಮಾತ್ರ ನಮ್ಮ ಹಾಗೇ. ಮೈತುಂಬ ಪ್ಯಾಡು, ಮುಖಕ್ಕೆ ಮುಖವಾಡ, ಹಿಂದೆ ಬಲೆ, ಒಬ್ಬನೇ ಒಬ್ಬ.

ಅವನ ಹೆಸರು ಪ್ಯಾಟ್ರಿಕ್ ರಾಯ್. ಬರೆಯುವುದು ರಾಯ್ ಅಂತ. ಫ್ರೆಂಚ್ ಮಾತಾಡುವ ಅವನ ಊರಿನವರು ರ್ವಾ ಅನ್ನುತ್ತಾರೆ. ನಮ್ಮ ಬಾಯಿಗೆ ರಾಯ್ ಸುಲಭ, ರಾಯರು ಅಂದರೆ ಇನ್ನೂ ಹತ್ತಿರ. ಏಕವಚನದಲ್ಲಿ ಕರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಮೈದಾನದ ರೂಢಿ ಅದು.

ರಾಯ್ ಆಡುತ್ತಿದ್ದದ್ದು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡಕ್ಕೆ. 1986ರಲ್ಲಿ, ಇನ್ನೂ 20 ವರ್ಷದ ಹುಡುಗನಾಗಿದ್ದಾಗಲೇ ಸ್ಟಾನ್ಲಿ ಕಪ್ ಗೆಲ್ಲಿಸಿದ, ಐಸ್ ಹಾಕಿಯಲ್ಲಿ ಅದೇ ದೊಡ್ಡ ಕಪ್. 1993ರಲ್ಲಿ ಮತ್ತೆ ಗೆಲ್ಲಿಸಿದ. ಆ ಸಲ ಹೆಚ್ಚುವರಿ ಸಮಯಕ್ಕೆ ಹೋದ ಹತ್ತು ಮ್ಯಾಚುಗಳನ್ನು ತಂಡ ಒಂದರ ಹಿಂದೆ ಒಂದು ಗೆದ್ದಿತ್ತು. ನನಗೆ ಅವನು ಹತ್ತಿರದವನು ಅನ್ನಿಸಿದ್ದು ಇದಕ್ಕೆಲ್ಲ ಅಲ್ಲ. ಅವನು ಗೋಲ್ ಕಂಬಗಳ ಜೊತೆ ಮಾತಾಡುತ್ತಿದ್ದನಂತೆ. ಬಿಲ್ಲೆ ಕಂಬಕ್ಕೆ ಬಡಿದು ಹೊರಗೆ ಹೋದರೆ ಕಂಬಕ್ಕೆ ಥ್ಯಾಂಕ್ಸ್ ಹೇಳುತ್ತಿದ್ದನಂತೆ. ಇದನ್ನು ಕೇಳಿ ನನ್ನ ಮಗಳು ನಕ್ಕಳು. ನಾನು ನಗಲಿಲ್ಲ. ನಾನೂ ಮಾತಾಡುತ್ತಿದ್ದೆ. ಉಳಿದ ಹತ್ತು ಜನ ಎದುರು ಗೋಲಿನ ಹತ್ತಿರ ಇರುವಾಗ ಗೋಲ್‌ಕೀಪರ್‌ಗೆ ಜೊತೆ ಇರುವುದು ಆ ಎರಡು ಕಂಬಗಳೇ ತಾನೇ?

ಅಳಿಯ ಹಾಕಿಕೊಟ್ಟದ್ದು 1995ರ ಡಿಸೆಂಬರ್ 2ರ ಮ್ಯಾಚ್. ಎದುರಾಳಿ ಡೆಟ್ರಾಯ್ಟ್. ಮಾಂಟ್ರಿಯಲ್ ಸೋತದ್ದು 11-1ರಿಂದ. ಅದರಲ್ಲಿ ಒಂಬತ್ತು ಗೋಲು ರಾಯ್ ಬಿಟ್ಟದ್ದು. ಗೋಲ್‌ಕೀಪರ್‌ಗೆ ಒಂದೊಂದು ದಿನ ಹಾಗಾಗುತ್ತದೆ, ಬೆಟ್ಟದಂಥ ಚೆಂಡೂ ಕಾಣುವುದಿಲ್ಲ. ಆಗ ಅವನನ್ನು ಬೇಗ ಹೊರಗೆ ಕರೆದುಬಿಡಬೇಕು, ಬದಲಿ ಕೀಪರ್ ಇರುವುದೇ ಅದಕ್ಕೆ. ಕೋಚ್ ಮಾರಿಯೋ ಟ್ರೆಂಬ್ಲೆ ಕರೆಯಲಿಲ್ಲ. ಆತ ಕೋಚ್ ಆಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಒಂದು ಕಾಲಕ್ಕೆ ಅದೇ ತಂಡದಲ್ಲಿ ರಾಯ್ ಜೊತೆ ಆಡಿದವನು ಬೇರೆ.

ನಡುವೆ ಒಂದು ಸುಲಭದ ಹೊಡೆತ ಬಂತು. ರಾಯ್ ತಡೆದ. ಆಗ ಮಾಂಟ್ರಿಯಲ್‌ನ ಜನ, ಅವನನ್ನು ತಲೆ ಮೇಲೆ ಹೊತ್ತು ಮೆರೆಸಿದ ಜನ, ಜೋರಾಗಿ ಚಪ್ಪಾಳೆ ತಟ್ಟಿದರು. ಯಾವ ಚಪ್ಪಾಳೆ ಅಂತ ನಿಮಗೆ ಗೊತ್ತು. ಕ್ಲಾಸಿನ ದಡ್ಡ ಹುಡುಗ ಒಂದು ಉತ್ತರ ಸರಿ ಹೇಳಿದಾಗ ಹಿಂದಿನ ಬೆಂಚಿನವರು ತಟ್ಟುತ್ತಾರಲ್ಲ, ಅದು. ರಾಯ್ ಎರಡೂ ಕೈ ಮೇಲೆತ್ತಿ, ಆಯ್ತಪ್ಪಾ, ಸ್ವೀಕರಿಸಿದೆ ಅನ್ನುವ ಹಾಗೆ ನಿಂತ.

ಒಂಬತ್ತನೇ ಗೋಲಾದ ಮೇಲೆ ಹೊರಗೆ ಕರೆದರು. ಅವನು ಕೋಚ್ ಮುಂದೆ ಹಾದು ಹೋಗಿ, ಬೆಂಚಿನ ಹಿಂದೆಯೇ ಕೂತಿದ್ದ ತಂಡದ ಅಧ್ಯಕ್ಷ ರೊನಾಲ್ಡ್ ಕೋರಿ ಹತ್ತಿರ ಬಗ್ಗಿ, ಮಾಂಟ್ರಿಯಲ್‌ನಲ್ಲಿ ಇದೇ ನನ್ನ ಕೊನೇ ಮ್ಯಾಚ್ ಅಂದುಬಿಟ್ಟ. ನಾಲ್ಕೇ ದಿನಕ್ಕೆ ಅವನನ್ನು ಕೊಲರಾಡೋ ತಂಡಕ್ಕೆ ಕೊಟ್ಟರು. ಆ ಸೀಸನ್ನಿನಲ್ಲೇ, 1996ರಲ್ಲಿ, ಅಲ್ಲಿ ಕಪ್ ಗೆದ್ದ. 2001ರಲ್ಲಿ ಇನ್ನೊಂದು. ಹೊಟ್ಟೆ ಉರಿಸುವುದು ಅಂದರೆ ಇದು, ಅಲ್ವಾ?

ಕೋಚ್‌ದು ತಪ್ಪು ಅಂತ ಅಳಿಯ. ಇವನಿಗೂ ಕೊಬ್ಬು ಜಾಸ್ತಿ ಅಂತ ಮಗಳು. ನಾನು ಸುಮ್ನೆ ಕೂತಿದ್ದೆ. ನನಗೆ ಶ್ರೀರಂಗಪಟ್ಟಣದ ಬಸ್ ನಿಲ್ದಾಣ ಕಣ್ಣಮುಂದೆ ಬಂದಿತ್ತು.

1982. ನಾನು ಮೈಸೂರಿನ ಒಂದು ಕ್ಲಬ್ಬಿಗೆ ಗೋಲ್‌ಕೀಪರ್. ಸ್ಟಾರ್ ಗೀರ್ ಏನಲ್ಲ, ನಮ್ಮ ಬೀದಿ ಮಟ್ಟಿಗೆ ಹೆಸರಿತ್ತು ಅಷ್ಟೇ. ಮಂಡ್ಯದಲ್ಲಿ ಮ್ಯಾಚ್. ಕೆಮ್ಮಣ್ಣಿನ ಮೈದಾನ, ಚೆಂಡು ಯಾವ ಕಡೆಗೆ ನೆಗೆಯುತ್ತದೋ ದೇವರಿಗೇ ಗೊತ್ತು. ಐದು ಗೋಲು ಬಿಟ್ಟೆ. ಮೈದಾನವನ್ನೇ ದೂರಿದೆ. ನಿಜ ಏನೆಂದರೆ, ಹಿಂದಿನ ರಾತ್ರಿ ಚಿಕ್ಕಪ್ಪನ ಮಗನ ಆರತಕ್ಷತೆಯಲ್ಲಿ ಕೊನೇ ಪಂಕ್ತಿವರೆಗೂ ಬಡಿಸಿ ನಿದ್ದೆಗೆಟ್ಟಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ವಾಪಸ್ ಬರುವಾಗ ಬಾಡಿಗೆ ಮೆಟಡೋರಿನಲ್ಲಿ ನಮ್ಮ ಕ್ಯಾಪ್ಟನ್ ಮುಂದಿನ ಸೀಟಿನಿಂದ ತಿರುಗಿ, "ನಿನ್ನ ಬದಲು ಇನ್ನೊಂದು ಕಂಬ ನೆಟ್ಟಿದ್ರೂ ಎರಡು ಗೋಲ್ ತಡೀತಿತ್ತು ಕಣೋ" ಅಂದ. ಅವನು ಅಂದದ್ದನ್ನು ತಡೆದುಕೊಳ್ಳಬಹುದಿತ್ತು. ಗಾಡಿ ಪೂರ್ತಿ ನಕ್ಕಿತು. ಡ್ರೈವರೂ ನಕ್ಕ.

ಶ್ರೀರಂಗಪಟ್ಟಣದಲ್ಲಿ ಗಾಡಿ ನಿಲ್ಲಿಸು ಅಂದೆ. ಪ್ಯಾಡು ಹೆಗಲಿಗೆ ಹಾಕಿಕೊಂಡು ಇಳಿದೆ. ಯಾರಾದರೂ ಹಿಂದೆ ಬರುತ್ತಾರೆ ಅಂತ ಸ್ವಲ್ಪ ಹೊತ್ತು ನಿಧಾನವಾಗಿ ನಡೆದೆ. ಬರಲಿಲ್ಲ. ಮೈಸೂರು ಬಸ್ ಹತ್ತಿದರೆ ಕಂಡಕ್ಟರ್ ಪ್ಯಾಡು ನೋಡಿ, "ಏನು ಸಾರ್ ಇದು, ಹಾಸಿಗೆನಾ?" ಅಂದ. ಹಾಕಿ ಪ್ಯಾಡು ಅಂದೆ. "ಏನಾದ್ರೂ ಆಗ್ಲಿ, ಜಾಗ ತಗೊಳ್ಳುತ್ತಲ್ಲ" ಅಂದು ಲಗೇಜ್ ಟಿಕೆಟ್ ಹರಿದ. 75 ಪೈಸೆ. ಐದು ಗೋಲಿಗಿಂತ ಆ 75 ಪೈಸೆ ನನಗೆ ಜಾಸ್ತಿ ಉರಿಯಿತು.

ಅವತ್ತಿನಿಂದ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಇದೇನು ಕೆನಡಾ ಅಲ್ಲ, ಇನ್ನೊಂದು ತಂಡಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದಕ್ಕೆ. ಇರುವುದು ಒಂದೇ ಮೈಸೂರು. ದೇವರಾಜ ಅರಸು ರಸ್ತೆಯಲ್ಲಿ ಕ್ಯಾಪ್ಟನ್ ಎಡಗಡೆ ಬಂದರೆ ನಾನು ಬಲಗಡೆ. ಒಂದು ವರ್ಷ ದಸರಾ ಮೆರವಣಿಗೆಯಲ್ಲಿ, ಸಯ್ಯಾಜಿರಾವ್ ರಸ್ತೆಯ ನೂಕುನುಗ್ಗಲಿನಲ್ಲಿ, ಜನ ತಳ್ಳಿ ತಳ್ಳಿ ನಮ್ಮಿಬ್ಬರನ್ನೂ ಭುಜಕ್ಕೆ ಭುಜ ತಾಗುವ ಹಾಗೆ ನಿಲ್ಲಿಸಿಬಿಟ್ಟರು. ಅಂಬಾರಿ ಇನ್ನೂ ಅರಮನೆ ಬಿಟ್ಟಿರಲಿಲ್ಲ. ಆದರೂ ಇಬ್ಬರೂ ಅದು ಬರುವ ದಿಕ್ಕಿಗೇ ಕಣ್ಣು ನೆಟ್ಟು ಮುಕ್ಕಾಲು ಗಂಟೆ ನಿಂತಿದ್ದೆವು.

ಇರಲಿ. ರಾಯ್ ಕಥೆ ಮುಗಿಸುತ್ತೇನೆ.

ಅವನು 2003ರಲ್ಲಿ ಆಟ ಬಿಟ್ಟ. ಕೆನೇಡಿಯನ್ಸ್ ತಂಡ ಹುಟ್ಟಿದ್ದು 1909ರಲ್ಲಿ. ನೂರು ತುಂಬುವ ಸಂಭ್ರಮದ ಹೊತ್ತಿಗೆ ಅವನನ್ನು ಕರೆದರು. 2008ರ ನವೆಂಬರ್ 22. ಅವನ 33 ನಂಬರಿನ ಅಂಗಿಯನ್ನು ಕ್ರೀಡಾಂಗಣದ ಮೇಲ್ಛಾವಣಿಗೆ ಏರಿಸಿದರು. ಇನ್ನು ಆ ತಂಡದಲ್ಲಿ ಯಾರೂ ಆ ನಂಬರ್ ಹಾಕುವ ಹಾಗಿಲ್ಲ. ಅದು ಅಲ್ಲಿನ ದೊಡ್ಡ ಮರ್ಯಾದೆ.

ನಾನು ಆ ವಿಡಿಯೋವನ್ನು ಎರಡು ಸಲ ನೋಡಿದೆ. ನನಗೆ ಕಾಡಿದ ಪ್ರಶ್ನೆ ಒಂದೇ. ಇವನು ರಾಜಿ ಆದದ್ದು ಯಾರ ಜೊತೆ? ಟ್ರೆಂಬ್ಲೆ ಕೋಚ್ ಕೆಲಸ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಕೋರಿ ಅಧ್ಯಕ್ಷರಾಗಿರಲಿಲ್ಲ. ಜೊತೆಗೆ ಆಡಿದವರು ಚದುರಿ ಹೋಗಿದ್ದರು. ಅವನು ಮುನಿಸಿಕೊಂಡು ಹೊರಟ ಆ ಹಳೇ ಕಟ್ಟಡವೂ 1996ರಲ್ಲೇ ಬಾಗಿಲು ಹಾಕಿತ್ತು. ಜಗಳ ಆಡಿದ ಮನೆಯೇ ಇಲ್ಲ, ಮನೆಗೆ ಬಂದೆ ಅನ್ನುವ ಅರ್ಥದ ಮಾತನ್ನು ಅವನು ಅವತ್ತು ಆಡಿದ.

ಆಮೇಲೆ ಹೊಳೆಯಿತು. ಜನ ಇದ್ದರಲ್ಲ. ಚಪ್ಪಾಳೆ ತಟ್ಟಿದ ಆ ಊರಿನ ಜನ. ಅವತ್ತೂ ಎದ್ದು ನಿಂತು ತಟ್ಟಿದರು, ನಿಲ್ಲಿಸಲೇ ಇಲ್ಲ. ಅವರಲ್ಲಿ ಎಷ್ಟೋ ಕೈಗಳು 1995ರವೇ ಇದ್ದಿರಬೇಕು. ಈ ಸಲ ರಾಯ್ ಕೈ ಎತ್ತಿದ್ದರಲ್ಲಿ ವ್ಯಂಗ್ಯ ಇರಲಿಲ್ಲ. ನಮ್ಮಲ್ಲಿ ರಾಜಿ ಪಂಚಾಯ್ತಿ ಅಂದರೆ ತಪ್ಪು ಯಾರದು ಅಂತ ತೀರ್ಮಾನ ಆಗಲೇಬೇಕು. ಅಲ್ಲಿ ಯಾರೂ ಆ ಮಾತೇ ಎತ್ತಲಿಲ್ಲ.

ನಮ್ಮ ದೇಶದಲ್ಲೂ ಇಂಥದ್ದು ಆಗಿದೆ. 1998ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 32 ವರ್ಷದ ಮೇಲೆ ಹಾಕಿ ಚಿನ್ನ ಬಂತು. ಫೈನಲ್ಲಿನ ಪೆನಾಲ್ಟಿಗಳನ್ನು ತಡೆದು ಗೆಲ್ಲಿಸಿದ್ದು ಗೋಲ್‌ಕೀಪರ್ ಆಶಿಶ್ ಬಲ್ಲಾಳ್. ಗೆದ್ದು ಬಂದ ಮೇಲೆ ಕ್ಯಾಪ್ಟನ್ ಧನರಾಜ್ ಪಿಳ್ಳೈ ಅವರನ್ನೂ ಬಲ್ಲಾಳ್ ಸೇರಿ ಇನ್ನು ಕೆಲವರನ್ನೂ ತಂಡದಿಂದ ಕೈಬಿಟ್ಟರು. ಧನರಾಜ್ ಮರಳಿ ಬಂದು ಇನ್ನೆರಡು ಒಲಿಂಪಿಕ್ಸ್ ಆಡಿದರು. ಗೋಲ್‌ಕೀಪರನ ಕಷ್ಟ ಮಾತ್ರ ಎಲ್ಲಾ ಕಡೆ ಒಂದೇ ಅಂತ ನನ್ನ ಗೊಣಗಾಟ.

ಊರಿಗೆ ಬಂದ ಮೇಲೆ, 2012ರಲ್ಲಿ, ಹಳೇ ಫುಲ್‌ಬ್ಯಾಕ್ ಒಬ್ಬ ಫೋನ್ ಮಾಡಿದ. ಹಳಬರೆಲ್ಲ ಸೇರಿ ಸ್ಕೂಲ್ ಹುಡುಗರ ಜೊತೆ ಒಂದು ಆಟ ಆಡುತ್ತಿದ್ದೇವೆ, ಗೋಲಿಗೆ ಯಾರೂ ಇಲ್ಲ, ಬಾರೋ ಅಂದ. ಮಂಡಿ ನೋವು ಅಂದೆ. ಇಲ್ಲಿ ಎಲ್ಲರಿಗೂ ಮಂಡಿ ನೋವೇ ಅಂದ. ಹೋದೆ.

ಹತ್ತು ನಿಮಿಷ ನಿಂತೆ, ಎರಡು ಗೋಲು ಬಿಟ್ಟೆ. ಎರಡನೆಯದು ಕಾಲ ಸಂದಿಯಿಂದಲೇ ಹೋಯಿತು. ಅದಕ್ಕೆ ಮುಂಚೆ ಒಂದು ಸಲ ಗೋಲಿನ ಮುಂದಿನ ಡಿ ಗೆರೆಯ ಒಳಗಿಂದ, "ಎಡಗಡೆ ನೋಡ್ಕೊಳ್ಳೋ" ಅಂತ ಒಂದು ಕೂಗು ಬಂತು. ಮೂವತ್ತು ವರ್ಷ ಆಗಿತ್ತು ಆ ದನಿ ಕೇಳಿ. ಯೋಚನೆ ಮಾಡುವ ಮೊದಲೇ ಕಾಲು ಎಡಗಡೆ ಹೋಗಿತ್ತು.

ಆಟ ಮುಗಿದು ಪ್ಯಾಡಿನ ಪಟ್ಟಿ ಬಿಚ್ಚುತ್ತಾ ಕೂತಿದ್ದೆ. ಬಗ್ಗಲು ಆಗುತ್ತಿರಲಿಲ್ಲ. ಕ್ಯಾಪ್ಟನ್ ಬಂದು ನೆಲದ ಮೇಲೆ ಕೂತು ಒಂದು ಕಾಲಿನ ಪಟ್ಟಿ ಬಿಚ್ಚಿಕೊಟ್ಟ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಬಸ್ಸಿನ ಕಥೆ ಯಾರ್ಯಾರ ಬಾಯಲ್ಲೋ ತಿರುಗಿ ಅವನ ಕಿವಿಗೂ ಬಿದ್ದಿತ್ತಂತೆ.

"ಅವತ್ತು ಲಗೇಜಿಗೆ ಎಷ್ಟು ಕೊಟ್ಟೆ?" ಅಂದ.

"75 ಪೈಸೆ" ಅಂದೆ.

ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ನನ್ನ ಕೈಯಲ್ಲಿಟ್ಟು, "ನಾಲ್ಕಾಣೆ ವಾಪಸ್ ಕೊಡು" ಅಂದ.

"ನಾಲ್ಕಾಣೆ ಹೋದ ವರ್ಷವೇ ನಿಂತುಹೋಯ್ತಲ್ಲೋ" ಅಂದೆ.

"ಹಾಗಾದ್ರೆ ಬಾಕಿ ಇರ್ಲಿ" ಅಂದು ಇನ್ನೊಂದು ಕಾಲಿನ ಪಟ್ಟಿಗೆ ಕೈ ಹಾಕಿದ.