ಮೊದಲು ಪಿಸ್ಟನ್, ಆಮೇಲೆ ಬೋರು

ಕೇಳುಗರಿಗೆ ನಮಸ್ಕಾರ.

ಹಳೆ ಕಾರು ಇಟ್ಟುಕೊಂಡವರಿಗೆ ಎಂಜಿನ್ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಬಾನುಲಿಯವರು ಕರೆದಿದ್ದಾರೆ. ನಾಲ್ಕು ಬೇಡ, ಒಂದೇ ಸಾಕು. ಪಿಸ್ಟನ್ ಕೈಗೆ ಬರುವ ತನಕ ಬ್ಲಾಕ್ ಬೋರ್ ಮಾಡಿಸಬೇಡಿ. ಬ್ಲಾಕ್ ಅಂದರೆ ಎಂಜಿನ್ನಿನ ಮೈ, ಅದರ ಸಿಲಿಂಡರುಗಳೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಆ ಸಿಲಿಂಡರನ್ನು ಕೊರೆದು ಹಿಗ್ಗಿಸುವುದೇ ಬೋರ್ ಮಾಡುವುದು. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೂ ಪರವಾಗಿಲ್ಲ, ಮಾತು ಮುಗಿಯುವುದರೊಳಗೆ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ನೀವು ಯಾರು ಅಂತ ನನಗೆ ಅಂದಾಜಿದೆ. ಮನೆಯಲ್ಲಿ ತಾತನದೋ ಮಾವನದೋ ಒಂದು ಕಾರು ಇದೆ. ಮೇಲೆ ಟಾರ್ಪಾಲು ಹೊದಿಸಿದ್ದೀರಿ. ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಹಿಂದೆ ನೀಲಿ ಹೊಗೆ. ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿಯುತ್ತದೆ. ಎಂಜಿನ್ ಇಳಿಸಿ, ಬಿಚ್ಚಿ, ಮಷೀನ್ ಶಾಪಿಗೆ ಕೊಡೋಣ ಅಂತ ಮನಸ್ಸು ಮಾಡಿದ್ದೀರಿ. ಒಳ್ಳೆಯದು.

ಮಷೀನ್ ಶಾಪ್ ಅಂದರೆ ಗ್ಯಾರೇಜ್ ಅಲ್ಲ. ಗ್ಯಾರೇಜಿನವರು ಬಿಚ್ಚುತ್ತಾರೆ, ಜೋಡಿಸುತ್ತಾರೆ. ಮಷೀನ್ ಶಾಪಿನವರು ಲೋಹ ತೆಗೆಯುತ್ತಾರೆ. ಸಿಲಿಂಡರ್ ಬೋರಿಂಗ್, ಗೋಡೆಯನ್ನು ಕಲ್ಲಿನಿಂದ ಉಜ್ಜಿ ಕೊನೆಯ ಅಳತೆಗೆ ತರುವ ಹೋನಿಂಗ್, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ಗ್ರೈಂಡಿಂಗ್, ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಫೇಸಿಂಗ್, ವಾಲ್ವ್ ಸೀಟ್ ಕೂರಿಸುವುದು, ಇವೆಲ್ಲ ಅವರ ಕೆಲಸ. ತಪ್ಪಾಗಿ ಜೋಡಿಸಿದ್ದನ್ನು ಮತ್ತೆ ಬಿಚ್ಚಬಹುದು. ತೆಗೆದ ಲೋಹ ವಾಪಸ್ ಬರುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಸುಲಭ ಇದೆ. ಇಂಚನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಶಾಪಿನಲ್ಲಿ ಥೌ ಅನ್ನುತ್ತಾರೆ. ಮಿಲಿಮೀಟರಿನಲ್ಲಿ ಹೇಳಿದರೆ 0.0254. ಹಳೆ ಕಾರುಗಳ ಎರಕದ ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ಬೇಕಾದ ಸಂದು ಸಾಮಾನ್ಯವಾಗಿ 1ರಿಂದ 2 ಥೌ. ನಿಮ್ಮ ತಲೆಗೂದಲು ಒಂದು ಕಿತ್ತು ಅಳೆದರೆ ಸುಮಾರು 3 ಥೌ ಇರುತ್ತದೆ. ಅಂದರೆ ಆ ಸಂದಿನಲ್ಲಿ ಒಂದು ಕೂದಲೂ ತೂರುವುದಿಲ್ಲ. ಇಷ್ಟು ಸೂಕ್ಷ್ಮದ ಕೆಲಸವನ್ನು ಜನ ಕಣ್ಣಂದಾಜಿನಲ್ಲಿ ಮಾಡಿಸುತ್ತಾರಲ್ಲ, ಅದು ನನಗೆ ಅರ್ಥವಾಗುವುದಿಲ್ಲ.

ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲ್ಗಡೆ, ಪಿಸ್ಟನ್ನಿಗೆ ತೊಡಿಸಿದ ಮೊದಲನೇ ರಿಂಗ್ ಮೇಲೆ ಹೋಗಿ ವಾಪಸ್ ಕೆಳಗೆ ಹೊರಳುವ ಜಾಗದಲ್ಲಿ ಜಾಸ್ತಿ ಸವೆಯುತ್ತದೆ. ಅಲ್ಲಿ ಬಿಸಿ ಜಾಸ್ತಿ, ಒತ್ತಡ ಜಾಸ್ತಿ, ಆಯಿಲ್ ಕಡಿಮೆ. ಜೊತೆಗೆ ಪಿಸ್ಟನ್ ಗೋಡೆಗೆ ಒರಗುವ ದಿಕ್ಕಿನಲ್ಲಿ ಸವೆದು ದುಂಡಗಿದ್ದ ಬೋರು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಹಾಗಾಗಿ ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಅದೂ ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ನಾಲ್ಕು ಸಿಲಿಂಡರಿಗೆ 24 ಅಳತೆ. ಎಲ್ಲವೂ ಕಾಗದದ ಮೇಲೆ ಇರಬೇಕು. ಆ ಕಾಗದ ನೋಡಿ ಯಾವ ಓವರ್‌ಸೈಜ್, ಅಂದರೆ ಮೂಲ ಅಳತೆಗಿಂತ ಎಷ್ಟು ದೊಡ್ಡದು, ಸಾಕು ಅಂತ ತೀರ್ಮಾನ ಮಾಡಿ. 20 ಥೌ ಸಾಕಾ, 30 ಬೇಕಾ? ಆ ಸೈಜಿನ ಪಿಸ್ಟನ್ ಸಿಗುತ್ತದಾ ಅಂತ ಹುಡುಕಿ. ಸಿಕ್ಕಿದ್ದನ್ನು ತಂದು ಶಾಪಿನವರ ಟೇಬಲ್ ಮೇಲೆ ಇಡಿ. ಬೋರಿಂಗ್ ಬಾರ್ ತಿರುಗಬೇಕಾದ್ದು ಆಮೇಲೆ.

ಒಬ್ಬ ಯಜಮಾನರ ಕತೆ ಹೇಳುತ್ತೇನೆ. ನಾನು ಎಲ್ಲಿ ಹೋದರೂ ಹೇಳುವ ಕತೆ ಇದು.

ಅವರದು 1950ರ ದಶಕದ ನಾಲ್ಕು ಸಿಲಿಂಡರಿನ ಕಾರು. ಬೋರು, ಅಂದರೆ ಸಿಲಿಂಡರಿನ ಒಳಗಿನ ಅಗಲ, ಹತ್ತಿರ ಹತ್ತಿರ 3 ಇಂಚು. ಮಗಳು ಎಂಜಿನಿಯರಿಂಗ್ ಓದುತ್ತಿದ್ದಳು. ಅಪ್ಪನ ಜೊತೆ ಕೂತು ಎಂಜಿನ್ ಬಿಚ್ಚಿದ್ದಳು. ಕಾಲೇಜಿನಿಂದ ಬೋರ್ ಗೇಜ್ ತಂದು ನಾಲ್ಕೂ ಸಿಲಿಂಡರ್ ಅಳೆದು, ಚಂದದ ಅಕ್ಷರದಲ್ಲಿ ಬರೆದಿಟ್ಟಿದ್ದಳು. ಎಲ್ಲಕ್ಕಿಂತ ಜಾಸ್ತಿ ಸವೆದ ಜಾಗದಲ್ಲೂ 9 ಥೌ ಅಷ್ಟೇ. ಅಂದರೆ 20ರ ಬೋರಿನಲ್ಲಿ ಆರಾಮಾಗಿ ಕ್ಲೀನ್ ಆಗುತ್ತಿತ್ತು. ಯಜಮಾನರು ಬ್ಲಾಕನ್ನೂ ಆ ಕಾಗದವನ್ನೂ ಒಂದು ಶಾಪಿಗೆ ಕೊಟ್ಟರು. ಶಾಪಿನವನು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಇಪ್ಪತ್ತೇನು ಸರ್, ನಲವತ್ತೇ ಹೊಡೆದುಬಿಡೋಣ. ಒಂದೇ ಸಲಕ್ಕೆ ಕ್ಲೀನು. ಪವರ್ರೂ ಜಾಸ್ತಿ ಬರುತ್ತೆ" ಅಂದ. ಯಜಮಾನರಿಗೆ ಪವರ್ ಅಂದ ತಕ್ಷಣ ಖುಷಿ. ಹೂಂ ಅಂದುಬಿಟ್ಟರು.

ಈ ಪವರ್ ವಿಷಯ ಮೊದಲು ಮುಗಿಸುತ್ತೇನೆ, ಕೇಳಿ ಕೇಳಿ ಸಾಕಾಗಿದೆ. 3 ಇಂಚಿನ ಬೋರನ್ನು 40 ಥೌ ಹಿಗ್ಗಿಸಿದರೆ ಎಂಜಿನ್ನಿನ ಸಿಸಿ ಹೆಚ್ಚುವುದು ನೂರಕ್ಕೆ ಮೂರರಷ್ಟೂ ಇಲ್ಲ. ಓಡಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಮುಂದೆ ಇನ್ನೊಂದು ಸಲ ಬೋರ್ ಮಾಡಿಸುವ ಅವಕಾಶ ಮಾತ್ರ ಹೋಗುತ್ತದೆ.

ಸರಿ, ಬೋರ್ ಆಯಿತು. ಫಳಫಳ ಹೊಳೆಯುವ ನಾಲ್ಕು ಸಿಲಿಂಡರು. ಆಮೇಲೆ ಯಜಮಾನರು ಪಿಸ್ಟನ್ ಹುಡುಕಲು ಹೊರಟರು. 20ರದು ಇತ್ತು. 60ರದೂ ಇತ್ತು. 40 ಮಾತ್ರ ಎಲ್ಲೂ ಇಲ್ಲ. ಹಳೆ ಸ್ಟಾಕ್ ಇಟ್ಟವರನ್ನು ಕೇಳಿದರು, ಹೊರದೇಶಕ್ಕೆ ಬರೆದರು. ಇಲ್ಲವೆಂದರೆ ಇಲ್ಲ. ಬ್ಲಾಕು ಪ್ಲಾಸ್ಟಿಕ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿತ್ತು. ಆಗ ನನ್ನ ಹತ್ತಿರ ಬಂದರು. "60 ಹೊಡೆದುಬಿಡಿ" ಅಂದರು. ನೋಡಿ, ಅವರೂ ಈಗ ಹೊಡೆಯುವ ಭಾಷೆ ಕಲಿತಿದ್ದರು! ಗೋಡೆಯ ದಪ್ಪ ನೋಡದೆ ನಾನು ಮುಟ್ಟುವುದಿಲ್ಲ ಅಂದೆ. ಅಲ್ಟ್ರಾಸಾನಿಕ್ ಗೇಜ್ ಇಟ್ಟು ನೋಡಿದರೆ ಮೂರನೇ ಸಿಲಿಂಡರಿನ ಒಂದು ಪಕ್ಕ ತೀರಾ ತೆಳ್ಳಗಿತ್ತು. ಎರಕ ಹೊಯ್ಯುವಾಗ ಒಳಗಿನ ಅಚ್ಚು ಸ್ವಲ್ಪ ಸರಿದರೆ ಹೀಗಾಗುತ್ತದೆ, ಹಳೆ ಬ್ಲಾಕುಗಳಲ್ಲಿ ಇದು ಹೊಸದೇನಲ್ಲ. ಅಲ್ಲಿ ಇನ್ನಷ್ಟು ತೆಗೆದರೆ ನೀರಿನ ಜಾಕೆಟ್ ಕಡೆ ಗೋಡೆ ಬಿರಿಯುತ್ತದೆ.

ಉಳಿದದ್ದು ಒಂದೇ ದಾರಿ, ಸ್ಲೀವ್. ಬೋರನ್ನು ಸ್ಲೀವಿನ ಅಳತೆಗೆ ಹಿಗ್ಗಿಸಿ, ಎರಕದ ಕಬ್ಬಿಣದ ಕೊಳವೆಯನ್ನು ಬಿಗಿಯಾಗಿ ಒತ್ತಿ ಕೂರಿಸಿ, ಅದರೊಳಗೆ ಮತ್ತೆ ಹೊಸದಾಗಿ ಬೋರ್ ಮಾಡುವುದು. ನಾಲ್ಕಕ್ಕೂ ಹಾಕಿದೆವು. ಆದರೆ ಈ ಸಲ ಯಜಮಾನರಿಗೆ ಖಡಾಖಂಡಿತವಾಗಿ ಹೇಳಿದೆ, ಪಿಸ್ಟನ್ ತನ್ನಿ, ತಂದ ಮೇಲೇ ಕೊನೆಯ ಬೋರು. ತಂದರು. ಡಬ್ಬದ ಮೇಲೆ ನಾಲ್ಕಕ್ಕೂ ಒಂದೇ ನಂಬರು. ಮೈಕ್ರೋಮೀಟರ್ ಹಿಡಿದರೆ ಒಂದಕ್ಕೂ ಇನ್ನೊಂದಕ್ಕೂ ಅರ್ಧ ಥೌ ವ್ಯತ್ಯಾಸ. ಪಿಸ್ಟನ್ ಅಳೆಯಬೇಕಾದ್ದು ಅದನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿಗೆ ಅಡ್ಡವಾಗಿ, ತಯಾರಕರು ಹೇಳಿದ ಎತ್ತರದಲ್ಲಿ. ಬೇರೆ ಎಲ್ಲಿ ಅಳೆದರೂ ತಪ್ಪು ಲೆಕ್ಕ ಬರುತ್ತದೆ, ಯಾಕೆಂದರೆ ಪಿಸ್ಟನ್ ಪೂರ್ತಿ ದುಂಡಗೂ ಇರುವುದಿಲ್ಲ, ನೇರವಾಗಿಯೂ ಇರುವುದಿಲ್ಲ. ಒಂದೊಂದು ಪಿಸ್ಟನ್ನಿಗೂ ಅದರದೇ ಸಿಲಿಂಡರ್ ಹೋನ್ ಮಾಡಿ, ತಲೆಯ ಮೇಲೆ ನಂಬರ್ ಬರೆದು ಕೊಟ್ಟೆವು. ಡಬ್ಬದ ಮೇಲಿನ ನಂಬರ್ ನಂಬಿ ಬೋರ್ ಮಾಡಿದ್ದರೆ ಒಂದು ಬಿಗಿ, ಒಂದು ಸಡಿಲ ಆಗುತ್ತಿತ್ತು. ಅದಕ್ಕೇ ನಾನು ಪಿಸ್ಟನ್ ಕೈಗೆ ಬರಲಿ ಅನ್ನುವುದು. ಬಿಲ್ಲು ಕೈಗೆ ಬಂದರೆ ಸಾಲದು, ಆರ್ಡರ್ ಹೋಗಿದೆ ಅಂದರೂ ಸಾಲದು. ಪಿಸ್ಟನ್ನೇ ಬರಬೇಕು.

ಕತೆ ಉದ್ದವಾಯಿತು ಅಂತ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಕ್ರ್ಯಾಂಕಿಗೂ ಇದೇ ನಿಯಮ. ಗ್ರೈಂಡ್ ಮಾಡಿದರೆ ಜರ್ನಲ್, ಅಂದರೆ ಬೇರಿಂಗಿನೊಳಗೆ ತಿರುಗುವ ದುಂಡು ಭಾಗ, 10, 20 ಅಥವಾ 30 ಥೌ ಸಣ್ಣದಾಗುತ್ತದೆ. ಆ ಸೈಜಿನ ಬೇರಿಂಗ್ ಮೊದಲು ಕೈಯಲ್ಲಿರಲಿ. ಪಿಸ್ಟನ್ ಪಾಠವೇ, ಹೆಸರು ಬೇರೆ ಅಷ್ಟೇ.

ದುಡ್ಡು ಖರ್ಚು ಮಾಡುವ ಮೊದಲು ಬಿರುಕು ನೋಡಿಸಿ. ಕಬ್ಬಿಣದ ಬ್ಲಾಕಿಗೆ, ಉಕ್ಕಿನ ಕ್ರ್ಯಾಂಕಿಗೆ ಅಯಸ್ಕಾಂತದ ಪುಡಿಯ ಪರೀಕ್ಷೆ ಇದೆ. ಅಲ್ಯೂಮಿನಿಯಂ ಹೆಡ್ಡಿಗೆ ಅದು ನಡೆಯುವುದಿಲ್ಲ, ಬಣ್ಣದ ದ್ರವ ಹಚ್ಚಿಯೋ ಗಾಳಿಯ ಒತ್ತಡ ಕೊಟ್ಟೋ ನೋಡಬೇಕು. ಬಿರುಕು ಬಿಟ್ಟ ಬ್ಲಾಕಿಗೆ ಹೊಸ ಬೋರು ಮಾಡಿಸಿ ಏನು ಪ್ರಯೋಜನ? ಇನ್ನೊಂದು, ಭಾಗಗಳನ್ನು ತೊಳೆಯುವ ಕಾಸ್ಟಿಕ್ ತೊಟ್ಟಿಗೆ ಅಲ್ಯೂಮಿನಿಯಂ ಭಾಗ ಹಾಕಬೇಡಿ ಅಂತ ಶಾಪಿನವರಿಗೆ ಬಾಯಿಬಿಟ್ಟು ಹೇಳಿ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ಮೇನ್ ಬೇರಿಂಗ್ ಕ್ಯಾಪುಗಳು, ಕನೆಕ್ಟಿಂಗ್ ರಾಡ್ ಕ್ಯಾಪುಗಳು ಅದಲು ಬದಲಾಗಬಾರದು. ಬಿಚ್ಚುವ ಮೊದಲೇ ನಂಬರ್ ಹಾಕಿ.

ವಾಲ್ವ್ ಸೀಟ್, ಅಂದರೆ ವಾಲ್ವ್ ಮುಚ್ಚಿದಾಗ ಹೆಡ್ಡಿನಲ್ಲಿ ಕೂರುವ ಜಾಗ, ಅದರ ಬಗ್ಗೆ ಕೇಳುವವರು ತುಂಬಾ ಜನ. ಹಿಂದೆ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಅದು ಸೀಟಿನ ಮೇಲೆ ತೆಳುವಾಗಿ ಕೂತು ವಾಲ್ವಿನ ಹೊಡೆತ ತಡೆಯುತ್ತಿತ್ತು. ಕಾರಿಗೆ ಸೀಸದ ಪೆಟ್ರೋಲು 2021ರಲ್ಲಿ ಅಲ್ಜೀರಿಯಾದಲ್ಲೂ ನಿಂತಿತು, ಅದೇ ಪ್ರಪಂಚದಲ್ಲಿ ಕೊನೆಯದು. ಹೆಡ್ ಹೇಗೂ ಶಾಪಿನಲ್ಲಿದೆ ಅಲ್ವಾ, ಎಕ್ಸಾಸ್ಟ್ ಕಡೆ ಗಟ್ಟಿ ಸೀಟ್ ಕೂರಿಸಿಬಿಡಿ.

ಶಾಪಿನಿಂದ ಬಂದ ಬ್ಲಾಕನ್ನು ಹಾಗೇ ಜೋಡಿಸಬೇಡಿ. ಹೋನಿಂಗ್ ಕಲ್ಲಿನ ಪುಡಿ ಗೋಡೆಯ ಗೀರುಗಳಲ್ಲಿ ಕೂತಿರುತ್ತದೆ. ಪೆಟ್ರೋಲ್ ಹಾಕಿ ಒರೆಸಿದರೆ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷು ಬೇಕು. ಆಯಿಲ್ ದಾರಿಯ ಪ್ಲಗ್ಗುಗಳನ್ನು ತೆಗೆದು ಒಳಗೂ ಬ್ರಷ್ ಹಾಕಿ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗೇ ಇರಬೇಕು. ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ.

ರಿಂಗಿನ ತುದಿಗಳ ಸಂದನ್ನು ನೀವೇ ಫೀಲರ್ ಗೇಜಿನಲ್ಲಿ ನೋಡಿ. ಬೋರಿನ ಪ್ರತಿ ಇಂಚಿಗೆ 4 ಥೌ ಲೆಕ್ಕ. 3 ಇಂಚಿಗೆ 12.

ಇನ್ನು ಮೊದಲ ಸ್ಟಾರ್ಟು. ವಾಲ್ವುಗಳನ್ನು ತೆರೆಸುವ ಕ್ಯಾಮ್, ಟ್ಯಾಪೆಟ್ ಹೊಸದಾಗಿ ಹಾಕಿದ್ದರೆ ಐಡಲ್‌ನಲ್ಲಿ ಬಿಡಬೇಡಿ. ಹಳೆ ಎಂಜಿನ್ನುಗಳಲ್ಲಿ ಕ್ಯಾಮಿನ ಲೋಬುಗಳಿಗೆ, ಅಂದರೆ ಅದರ ಉಬ್ಬುಗಳಿಗೆ, ಆಯಿಲ್ ಬೀಳುವುದು ಹೆಚ್ಚಾಗಿ ಕ್ರ್ಯಾಂಕ್ ತಿರುಗಿ ಚಿಮ್ಮಿಸಿದಾಗ. ಐಡಲ್‌ನಲ್ಲಿ ಅದು ಸಾಕಾಗುವುದಿಲ್ಲ. ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಿಸಿ. ಝಿಂಕ್ ಜಾಸ್ತಿ ಇರುವ ಆಯಿಲ್ ಹಾಕಿ. ಆಯಿಲ್ ಪ್ರೆಷರ್ ಮುಳ್ಳಿನ ಮೇಲೆ ಒಬ್ಬರು, ಟೆಂಪರೇಚರ್ ಮುಳ್ಳಿನ ಮೇಲೆ ಇನ್ನೊಬ್ಬರು ಕಣ್ಣಿಟ್ಟಿರಲಿ. ನಿಲ್ಲಿಸಿ ತಣ್ಣಗಾದ ಮೇಲೆ ಆ ಆಯಿಲನ್ನೂ ಫಿಲ್ಟರನ್ನೂ ಬದಲಾಯಿಸಿ, ಎಷ್ಟೇ ಹೊಸದಾಗಿ ಕಂಡರೂ.

ನಮಸ್ಕಾರ.