ಮೆಲ್ಲಗೆ ನುಡಿಯಲು ಬಲ್ಲ ಆಂಪ್

ನಮಸ್ಕಾರ. ರಾತ್ರಿ ಹತ್ತೂವರೆ. ಮನೆಯವರೆಲ್ಲ ಮಲಗಿದ್ದಾರೆ. ದಿನವಿಡೀ ಕಾದದ್ದಕ್ಕೆ ಕಡೆಗೂ ಅರ್ಧ ಗಂಟೆ ಸಿಕ್ಕಿದೆ. ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡು ಅದರ ದನಿ ಹಿಗ್ಗಿಸುವ ಪೆಟ್ಟಿಗೆಯ, ಅಂದರೆ ಆಂಪ್‌ನ, ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತೀರಿ, ಏನೂ ಕೇಳಿಸುವುದಿಲ್ಲ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಪಕ್ಕದ ಕೋಣೆಯಲ್ಲಿ ಮಗು ಎದ್ದು ಅಳುತ್ತದೆ.

ನಮ್ಮ ಮನೆಯಲ್ಲಿ ಎರಡು ವರ್ಷ ಇದೇ ನಡೆಯಿತು. ನನ್ನದು 15 ವ್ಯಾಟ್‌ನ ಟ್ಯೂಬ್ ಆಂಪ್, ಅಂದರೆ ಗಾಜಿನ ನಿರ್ವಾತ ನಳಿಗೆಗಳಿಂದ ದನಿ ಹಿಗ್ಗಿಸುವಂಥದ್ದು. ವೇದಿಕೆಯ ಮೇಲೆ ಅದರ ದನಿ ಕೇಳಿದವರು ಯಾರೂ ಅದನ್ನು ತೆಗಳಲಾರರು. ಆದರೆ ಆ ಎರಡು ವರ್ಷಗಳಲ್ಲಿ ನಾನು ನುಡಿಸಿದ ರಾತ್ರಿಗಳಿಗಿಂತ ನುಡಿಸದೆ ಎದ್ದುಹೋದ ರಾತ್ರಿಗಳೇ ಹೆಚ್ಚು. ಮನೆಯ ಅಭ್ಯಾಸಕ್ಕೆ ಆಂಪ್ ಕೊಳ್ಳುವವರಿಗೆ ನನ್ನದೊಂದೇ ಕೋರಿಕೆ: ಅತ್ಯಂತ ಕಡಿಮೆ ದನಿಯಲ್ಲಿ ಅದು ಹೇಗೆ ನುಡಿಯುತ್ತದೆ ಎಂಬುದನ್ನು ಮೊದಲು ಕೇಳಿ. ಉಳಿದದ್ದೆಲ್ಲ ಆಮೇಲೆ.

"ಮನೆಗೆ ಎಷ್ಟು ವ್ಯಾಟ್ ಸಾಕು?" ಎಂದು ಎಲ್ಲರೂ ಕೇಳುತ್ತಾರೆ. 50 ವ್ಯಾಟ್ ಜೋರು, 5 ವ್ಯಾಟ್ ಅದರ ಹತ್ತನೇ ಒಂದು ಪಾಲು ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕುಳಿತುಬಿಟ್ಟಿದೆ. ಕಿವಿಯ ಲೆಕ್ಕವೇ ಬೇರೆ. ಶಕ್ತಿ ಹತ್ತು ಪಟ್ಟು ಇಳಿದರೆ ದನಿ 10 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಅದು ಸರಿಸುಮಾರು ಅರ್ಧ ಕಡಿಮೆಯಾದಂತೆ ಕೇಳಿಸುತ್ತದೆ, ಅಷ್ಟೇ. ಇನ್ನೂ ಒಂದು ಅಂಕಿ ಹೇಳುತ್ತೇನೆ. ಸಾಮಾನ್ಯ ಗಿಟಾರ್ ಸ್ಪೀಕರ್‌ಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸುಮಾರು 97ರಿಂದ 100 ಡೆಸಿಬೆಲ್ ದನಿ ಹುಟ್ಟುತ್ತದೆ. ನಾವು ಎದುರುಬದುರು ಕುಳಿತು ಆಡುವ ಮಾತು 60ರ ಆಸುಪಾಸು. ಅಂದರೆ ಮಾತಿನ ಮಟ್ಟದಲ್ಲಿ ನುಡಿಸಲು ಒಂದು ವ್ಯಾಟ್‌ನ ಐದು ಸಾವಿರದಲ್ಲೊಂದು ಪಾಲು ಸಾಕು! ಹೀಗಿರುವಾಗ ಪೆಟ್ಟಿಗೆಯ ಮೇಲೆ 5 ಎಂದು ಬರೆದಿದ್ದರೇನು, 50 ಎಂದು ಬರೆದಿದ್ದರೇನು?

ಕೇಳಬೇಕಾದದ್ದು, ಆ ಆಂಪ್‌ನ ಸೊಗಸು ಎಲ್ಲಿ ಹುಟ್ಟುತ್ತದೆ ಎಂದು. ಹಳೆಯ ಬಗೆಯ ಟ್ಯೂಬ್ ಆಂಪ್‌ಗಳಲ್ಲಿ ಆ ತುಂಬುದನಿಯ ಬಹುಪಾಲು, ಸ್ಪೀಕರ್‌ಗೆ ಶಕ್ತಿ ಕೊಡುವ ಪವರ್ ಟ್ಯೂಬ್‌ಗಳು ತಮ್ಮ ಮಿತಿಯ ಹತ್ತಿರ ದುಡಿಯುವಾಗ ಬರುತ್ತದೆ. ಮಿತಿಗೆ ಕೊಂಡೊಯ್ಯಬೇಕೆಂದರೆ ಜೋರು ಮಾಡಲೇಬೇಕು. ಒಂದೇ ವ್ಯಾಟ್‌ನ ಟ್ಯೂಬ್ ಆಂಪ್ ಕೂಡ ಮಲಗಿದ ಮನೆಗೆ ವಿಪರೀತ ಜೋರು ಎಂಬುದನ್ನು ಈಗಷ್ಟೇ ಹೇಳಿದ ಅಂಕಿಯೇ ತೋರಿಸುತ್ತದೆ. ಅಟೆನ್ಯುಯೇಟರ್ ಎಂಬ ಪೆಟ್ಟಿಗೆಯೊಂದಿದೆ. ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕುಳಿತು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಒಳ್ಳೆಯ ಟ್ಯೂಬ್ ಆಂಪ್ ಈಗಾಗಲೇ ಮನೆಯಲ್ಲಿದ್ದರೆ ಅದು ಸರಿಯಾದ ದಾರಿ. ಹೊಸದಾಗಿ ಕೊಳ್ಳುವವರು ಆ ದಾರಿ ಹಿಡಿಯಬೇಕಿಲ್ಲ.

ಅವರಿಗೆ ನಾನು ಹೇಳುವುದು ಡಿಜಿಟಲ್ ಮಾಡೆಲಿಂಗ್ ಆಂಪ್, ಅಂದರೆ ಬೇರೆ ಆಂಪ್‌ಗಳ ದನಿಯನ್ನು ಚಿಪ್‌ನಲ್ಲಿ ಅನುಕರಿಸುವಂಥದ್ದು. ಅದರಲ್ಲಿ ದನಿಯ ಬಣ್ಣ ಮೊದಲು ಲೆಕ್ಕಾಚಾರದಲ್ಲಿ ಸಿದ್ಧವಾಗುತ್ತದೆ, ವಾಲ್ಯೂಮ್ ಆಮೇಲೆ ಬರುತ್ತದೆ. ಆದ್ದರಿಂದ ಪಿಸುದನಿಯಲ್ಲೂ ಆ ಬಣ್ಣ ಉಳಿಯುತ್ತದೆ. 2011ರಲ್ಲಿ ಯಮಾಹಾ ತಂದ ಟಿಎಚ್‌ಆರ್ ಸರಣಿ ವೇದಿಕೆಯನ್ನು ಪೂರ್ತಿ ಮರೆತು ಕೋಣೆಗಾಗಿಯೇ ರೂಪುಗೊಂಡದ್ದು. ಬಾಸ್ ಕಂಪನಿಯ 50 ವ್ಯಾಟ್‌ನ ಕಟಾನಾದಲ್ಲಿ ಶಕ್ತಿಯನ್ನು ಅರ್ಧ ವ್ಯಾಟ್‌ಗೆ ಇಳಿಸುವ ಗುಂಡಿಯಿದೆ. ಟ್ಯೂಬ್ ಅಭಿಮಾನಿಗಳು ಮುನಿಸಿಕೊಳ್ಳಬಹುದು. ಆ ದನಿಯನ್ನು ನಾನೂ ಪ್ರೀತಿಸುತ್ತೇನೆ. ಆದರೆ ರಾತ್ರಿ ಹತ್ತೂವರೆಗೆ ಅದು ನಮ್ಮ ಕೈಗೆ ಸಿಗುವುದೇ ಇಲ್ಲ.

ಇಲ್ಲಿ ಕಿವಿಯ ಗುಣವೊಂದನ್ನು ನೆನಪಿಡಬೇಕು. ದನಿ ಇಳಿದಂತೆ ತಗ್ಗು ಸ್ವರಗಳು ಮಧ್ಯದ ಸ್ವರಗಳಿಗಿಂತ ಬೇಗ ಮಾಯವಾಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಗಲಲ್ಲಿ ಜೋರಾಗಿ ಕೇಳಿ ಹೊಂದಿಸಿಟ್ಟ ಬೇಸ್ (ತಗ್ಗು ಸ್ವರ) ಮತ್ತು ಟ್ರೆಬಲ್ (ಮೇಲಿನ ಸ್ವರ) ರಾತ್ರಿ ಪೇಲವವಾಗಿ ಕೇಳಿಸುವುದು ಇದರಿಂದ. ರಾತ್ರಿಗೆ ಬೇರೆಯೇ ಹೊಂದಿಕೆ ಬೇಕು. ಆದರೆ ಬೇಸ್ ಗುಂಡಿಗೆ ಕೈ ಹಾಕುವ ಮೊದಲು ಒಂದು ಮಾತು: ಗೋಡೆ ದಾಟಿ ಹೋಗುವುದರಲ್ಲಿ ತಗ್ಗು ಸ್ವರಗಳೇ ಮುಂದು. ಆಂಪ್ ಅನ್ನು ನೆಲದಿಂದ ಎತ್ತಿ ಮೇಜಿನ ಮೇಲೆ, ಕೆಳಗೆ ಮೆತ್ತನೆಯದೇನಾದರೂ ಹಾಸಿ, ನಿಮ್ಮ ಕಿವಿಗೆ ಮುಖ ಮಾಡಿ ಇಡಿ. ನೆಲದ ಮೇಲಿಟ್ಟರೆ ನೀವು ಕೇಳುವುದು ಕಡಿಮೆ, ಕೆಳಮನೆಯವರು ಕೇಳುವುದು ಹೆಚ್ಚು.

ಮೆಲ್ಲಗೆ ನುಡಿಸುವವರು ಬೀಳುವ ಒಂದು ಹಳ್ಳವಿದೆ. ಅದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದನಿ ಕಡಿಮೆಯಿದ್ದಾಗ ಸ್ವರ ಬೇಗ ಸತ್ತಂತೆ ಅನಿಸುತ್ತದೆ. ಆಗ ಕೈ ತಾನಾಗಿ ಗೇನ್ ಗುಂಡಿಗೆ, ಅಂದರೆ ದನಿಗೆ ಒರಟುತನ ತುಂಬಿ ಸ್ವರವನ್ನು ಉದ್ದವಾಗಿಸುವ ಗುಂಡಿಗೆ, ಹೋಗುತ್ತದೆ. ಗೇನ್ ಏರಿದಂತೆ ಮೆದು ಮೀಟು, ಗಟ್ಟಿ ಮೀಟು ಎರಡೂ ಒಂದೇ ಮಟ್ಟಕ್ಕೆ ಚಪ್ಪಟೆಯಾಗುತ್ತವೆ. ಬೆರಳು ಎಷ್ಟು ಒರಟಾಗಿ ಮೀಟಿತು ಎಂಬುದನ್ನು ಆಂಪ್ ಹೇಳುವುದೇ ಇಲ್ಲ. ತಿಂಗಳುಗಟ್ಟಲೆ ಹೀಗೆ ಅಭ್ಯಾಸ ಮಾಡಿದವರನ್ನು ಒಮ್ಮೆ ಶುದ್ಧ ದನಿಯಲ್ಲಿ ನುಡಿಸಲು ಹೇಳಿ ನೋಡಿ! ಗೇನ್ ಇಳಿಸಿ, ಬೇಕಿದ್ದರೆ ಚೂರು ರಿವರ್ಬ್ (ಮಾರ್ದನಿ) ಹಾಕಿ. ಹತ್ತಾರು ಎಫೆಕ್ಟ್‌ಗಳಿರುವ ಆಂಪ್‌ನಲ್ಲಿ ಒಳ್ಳೆಯ ಕ್ಲೀನ್ ದನಿ ಇಲ್ಲದಿದ್ದರೆ ಅದನ್ನು ಕೊಳ್ಳಬೇಡಿ.

ಹೆಡ್‌ಫೋನ್ ಇದ್ದರೆ ಸಾಲದೇ ಎನ್ನುವವರಿದ್ದಾರೆ. ಸಾಲುತ್ತದೆ, ಸರಿಯಾದದ್ದನ್ನು ಆರಿಸಿದರೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಆ ಗುಣವನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಇಲ್ಲದ ಹೆಡ್‌ಫೋನ್ ಕಿಂಡಿಯಲ್ಲಿ ಡಿಸ್ಟಾರ್ಷನ್‌ನ ಒರಟು ದನಿ ಕಿವಿಯೊಳಗೆ ಜೀರುಂಡೆ ಹೊಕ್ಕಂತೆ ಕೇಳಿಸುತ್ತದೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. 100 ಮಿಲಿಸೆಕೆಂಡ್ ತಡವಾದರೂ ಅದು 34 ಮೀಟರ್ ಆಚೆ ಇಟ್ಟ ಆಂಪ್‌ನಿಂದ ನಿಮ್ಮ ದನಿಯನ್ನು ಕೇಳಿದಂತೆ, ತಾಳ ಕೈಬಿಟ್ಟುಹೋಗುತ್ತದೆ. ಮತ್ತೆ, ಮನೆಯವರಿಗೆ ಕೇಳಿಸುವುದಿಲ್ಲವೆಂದು ಹೆಡ್‌ಫೋನ್ ಜೋರು ಮಾಡಬೇಡಿ, ದಯವಿಟ್ಟು. ಕಿವಿಯ ಸುರಕ್ಷೆಗೆಂದು ಹೇಳುವ, 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ ಎಂಬ ಮಿತಿಯಲ್ಲಿ ಪ್ರತಿ 3 ಡೆಸಿಬೆಲ್‌ಗೂ ಅವಧಿ ಅರ್ಧವಾಗುತ್ತ ಹೋಗುತ್ತದೆ. 94ಕ್ಕೆ ಉಳಿಯುವುದು ಒಂದೇ ಗಂಟೆ.

ಅಂಗಡಿಗೆ ಹೋದಾಗ ಸಾಧ್ಯವಾದರೆ ನಿಮ್ಮದೇ ಗಿಟಾರ್ ಒಯ್ಯಿರಿ, ಗದ್ದಲವಿಲ್ಲದ ಹೊತ್ತು ನೋಡಿ ಹೋಗಿ. ವಾಲ್ಯೂಮ್ ಅನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ: ದನಿ ಹಂತಹಂತವಾಗಿ ಏರುತ್ತದೆಯೋ, ಒಮ್ಮೆಲೇ ನೆಗೆಯುತ್ತದೆಯೋ? ನುಡಿಸುವುದನ್ನು ನಿಲ್ಲಿಸಿ ಆಂಪ್‌ನ ಗುಂಯ್ ಸದ್ದನ್ನು ಕೇಳಿ. ಹಗಲಲ್ಲಿ ಗಮನಕ್ಕೆ ಬಾರದ ಆ ಸದ್ದು ನಡುರಾತ್ರಿ ಸ್ವರಕ್ಕಿಂತ ದೊಡ್ಡದಾಗಿರುತ್ತದೆ. ಆಮೇಲೆ ಜೊತೆಗೆ ಬಂದವರೊಡನೆ ದನಿ ಏರಿಸದೆ ಮಾತನಾಡಲು ಆಗುವಷ್ಟು ವಾಲ್ಯೂಮ್ ಇಟ್ಟು ಹತ್ತು ನಿಮಿಷ ನುಡಿಸಿ. ಅಂಗಡಿಯವರು ಜೋರು ಮಾಡಲು ಬರುತ್ತಾರೆ. ಬೇಡವೆನ್ನಿ. ಆ ಹತ್ತು ನಿಮಿಷದ ಕೊನೆಗೆ ಗಿಟಾರ್ ಕೆಳಗಿಡಲು ಮನಸ್ಸಾಗದಿದ್ದರೆ ಅದೇ ಆಂಪ್ ತನ್ನಿ.