ಓವನ್‌ಗೆ ಥಂಡಿ ಹಿಡಿದಿದೆ

ನಮಸ್ಕಾರ. ಕಾರವಾರದ ಕೋಡಿಬಾಗದಿಂದ ಮಾತನಾಡುತ್ತಿದ್ದೇನೆ. ಹೊರಗೆ ಆಷಾಢದ ಮಳೆ. ಅಡುಗೆಮನೆಯ ಕಪಾಟಿನೊಳಗೆ ಕೂರಿಸಿದ ಓವನ್‌ನದು ವಿಚಿತ್ರ ಕಾಯಿಲೆ. ಮೇಲಿನ ಗ್ರಿಲ್ ಹಚ್ಚಿದರೆ ತಕರಾರಿಲ್ಲ. ಗುಂಡಿಯನ್ನು ಕೆಳಗಿನ ಶಾಖಕ್ಕೆ ತಿರುಗಿಸಿದ ಕೂಡಲೇ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್ಚು, ಟಪ್ಪೆಂದು ಬಿದ್ದು ಇಡೀ ಮನೆ ಕತ್ತಲು.

‘ಅದನ್ನು ಬೈಪಾಸ್ ಮಾಡಿದರಾಯಿತು’ ಎನ್ನುವವರು ಊರಿಗೊಬ್ಬರು ಇರುತ್ತಾರೆ. ಅವರಿಗೆ ದೂರದಿಂದಲೇ ಕೈಮುಗಿಯಿರಿ. ಸೋರಿಕೆ 30 ಮಿಲಿಆಂಪಿಯರ್ ತಲುಪುವಷ್ಟರಲ್ಲಿ ಅದು ಬೀಳಲೇಬೇಕು. ಕರೆಂಟ್ ಎಲ್ಲಿ ಸೋರುತ್ತಿದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ಮೇನ್ ಸ್ವಿಚ್ ಆಫ್. ಓವನ್ ಬಾಗಿಲು ತೆರೆದರೆ ಚೌಕಟ್ಟಿನ ಎರಡೂ ಬದಿಗೆ ಸ್ಕ್ರೂಗಳಿವೆ. ಹೊರಗೆಳೆಯುವಾಗ ಇನ್ನೊಬ್ಬರು ಜೊತೆಗಿರಲಿ, ಭಾರ ಬಹಳ. ಹಿಂದಿನ ತಗಡು ತೆಗೆದೆ. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ: ಕೆಳಗಿನ ಎಲಿಮೆಂಟಿನ, ಅಂದರೆ ಶಾಖ ಕೊಡುವ ಕೊಳವೆಯ, ತುದಿಗೆ ತಂತಿ ಸಿಕ್ಕಿಸುವ ಹಿತ್ತಾಳೆ ಕ್ಲಿಪ್ಪು ಹಸಿರುಗಟ್ಟಿದೆ, ಬುಡದ ಸೀಲ್ ಪುಡಿಪುಡಿಯಾಗಿದೆ. ಸಮುದ್ರದ ಗಾಳಿಯ ಕೈವಾಡ.

ತಂತಿ ಕಳಚಿ ಮಲ್ಟಿಮೀಟರ್ ಹಿಡಿದೆ. ಎರಡು ತುದಿಗಳ ನಡುವೆ 44 ಓಮ್. 230 ವೋಲ್ಟ್‌ನ, 1200 ವಾಟ್‌ನ ಎಲಿಮೆಂಟಿಗೆ ಲೆಕ್ಕ ಸರಿಯಾಗಿದೆ, ಒಳಗಿನ ಸುರುಳಿ ತುಂಡಾಗಿಲ್ಲ. ತುದಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಮೀಟರ್ ಏನನ್ನೂ ತೋರಿಸಬಾರದು. 6 ಕಿಲೋಓಮ್ ತೋರಿಸಿತು! ಅಂದರೆ ಸುಮಾರು 38 ಮಿಲಿಆಂಪಿಯರ್ ಸೋರಿಕೆ. ಕಳ್ಳ ಸಿಕ್ಕಿಬಿದ್ದ. ನಿಮ್ಮ ಮೀಟರ್ ಏನೂ ತೋರಿಸದಿದ್ದರೂ ನಿರಾಳರಾಗಬೇಡಿ. ಸಣ್ಣ ಸೋರಿಕೆ ಹಿಡಿಯಲು 500 ವೋಲ್ಟ್‌ನ ಮೆಗ್ಗರ್ ಎಂಬ ಮೀಟರ್ ಬೇಕು, ಅದು ಎಲೆಕ್ಟ್ರಿಷಿಯನ್ನರ ಬಳಿ ಇರುತ್ತದೆ.

ಕೊಳವೆಯೊಳಗೆ ಸುರುಳಿಯ ಸುತ್ತ ಮೆಗ್ನೀಸಿಯಮ್ ಆಕ್ಸೈಡ್ ಪುಡಿ ತುಂಬಿರುತ್ತದೆ. ಒಣಗಿದ್ದಾಗ ಅದು ಶಾಖವನ್ನು ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. ಸೀಲ್ ಹೋದರೆ ಗಾಳಿಯ ತೇವ ಹೀರಿಕೊಂಡು ಕೈಕೊಡುತ್ತದೆ. ‘ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಇದೇನು ಮಹಾ!’ ಎಂದಳು ಆಯಿ. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಬಹಳ ದಿನ ಹಚ್ಚದೆ ತೇವ ಹಿಡಿದಿದ್ದರೆ, ಸೀಲ್ ಗಟ್ಟಿಯಿದ್ದರೆ, ಎಲಿಮೆಂಟನ್ನು ಒಣಗಿಸಿದರೂ ಸಾಕು. ಇಲ್ಲಿ ಸೀಲೇ ಇಲ್ಲ. ಒಣಗಿಸಿದರೆ ಮತ್ತೆ ಅದೇ ಹಾಡು. ಹಳೆಯದರ ಫೋಟೊ ಕಳಿಸಿ, ಅದೇ ವಾಟ್, ಅದೇ ಬಾಗು ಇರುವ ಎಲಿಮೆಂಟನ್ನು ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿಸಿಕೊಂಡೆ. ಕ್ಲಿಪ್ಪು ಬದಲಿಸಿ, ಅರ್ಥ್ ತಂತಿ ಬಿಗಿಯಾಗಿದೆಯೇ ನೋಡಿ, ತಗಡು ಮುಚ್ಚಿ, ಮೇನ್ ಹಾಕಿ ಗುಂಡಿ ತಿರುಗಿಸಿದೆ. ಆರ್‌ಸಿಸಿಬಿ ಜಪ್ಪಯ್ಯ ಎನ್ನಲಿಲ್ಲ.

ಹೊಸ ಎಲಿಮೆಂಟ್ ಮೊದಲ ಸಲ ಕೊಂಚ ಹೊಗೆಯಾಡುತ್ತದೆ, ಕಿಟಕಿ ತೆರೆದಿಡಿ. ಬೇಯಿಸಲು ಏನಿಲ್ಲದಿದ್ದರೂ ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಅರ್ಧ ಗಂಟೆ ಹಚ್ಚಬೇಕೆಂದಿದ್ದೇನೆ. ಕರೆಂಟ್ ಬಿಲ್ ಎಂದು ಗೊಣಗುತ್ತಿದ್ದ ಆಯಿ, ಮೆತ್ತಗಾದ ಹಲಸಿನ ಹಪ್ಪಳದ ಡಬ್ಬಿ ಹಿಡಿದು ಆಗಲೇ ಸರದಿಯಲ್ಲಿ ನಿಂತಿದ್ದಾಳೆ.